ಮೂಲೆ ಹಿಡಿದ ಕಡಲಮೀನು: ಹಸಿವೆಯೋ, ಅಂಜಿಕೆಯೋ

ಹೊಸದಾಗಿ ತಂದ ಕಡಲಮೀನು ಟ್ಯಾಂಕಿಗೆ ಬಿಟ್ಟ ಕೂಡಲೇ ಕಲ್ಲಿನ ಸಂದಿ ಸೇರಿ, ಹಾಕಿದ ತಿನಿಸಿನತ್ತ ತಿರುಗಿಯೂ ನೋಡದಿರುವುದು ರೋಗವಲ್ಲ. ಹವಳದಿಬ್ಬಗಳ ನಡುವೆ ಬದುಕುವ ಸಣ್ಣ ಮೀನಿಗೆ ಗುರುತಿಲ್ಲದ ಜಾಗದಲ್ಲಿ ಬಯಲಿಗೆ ಬರುವುದೆಂದರೆ ದೊಡ್ಡ ಮೀನಿನ ಬಾಯಿಗೆ ಬೀಳುವುದು. ಫೈರ್‌ಫಿಶ್, ಗೋಬಿ, ಜಾಫಿಶ್‌ನಂಥವು ಹಲವು ದಿನ ಹೀಗೆಯೇ ಅಡಗಿರುತ್ತವೆ. ಇದನ್ನು ಕಂಡು ಗಾಬರಿಯಾಗಿ, ಕಣ್ಣೆದುರು ತೇಲುತ್ತಿದ್ದರೆ ಇಂದಲ್ಲ ನಾಳೆ ತಿಂದೀತು ಎಂದು ಹಿಡಿ ಹಿಡಿ ತಿನಿಸು ಸುರಿಯುವುದು ಈ ಹವ್ಯಾಸದ ಬಲು ಹಠಮಾರಿ ತಪ್ಪು. ಎಷ್ಟು ಸಲ ತಿದ್ದಿದರೂ ಅದು ಸಾಯುವುದಿಲ್ಲ, ಸಾಯುವುದು ಮೀನು.

ಮನುಷ್ಯ ತನ್ನ ಹೊಟ್ಟೆಯ ಲೆಕ್ಕವನ್ನು ಮೀನಿಗೂ ಹಚ್ಚುವುದೇ ಈ ನಂಬಿಕೆಯ ಬೇರು. ಮೀನು ಶೀತರಕ್ತದ ಪ್ರಾಣಿ. ಮೈ ಬೆಚ್ಚಗಿಡಲು ಅದು ಅನ್ನ ಸುಡಬೇಕಾಗಿಲ್ಲ. ಮೈತುಂಬಿಕೊಂಡ ಆರೋಗ್ಯವಂತ ಮೀನು ಕೆಲವು ದಿನ ಏನೂ ತಿನ್ನದೆ ಇರಬಲ್ಲದು. ಆದರೆ ಅದು ಬಿಟ್ಟ ತಿನಿಸು ಸುಮ್ಮನಿರುವುದಿಲ್ಲ. ಉಳಿದ ಪೆಲೆಟ್, ಸೀಗಡಿ ಚೂರು ಕೊಳೆತು ಅಮೋನಿಯಾ ಹುಟ್ಟುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಹೊಸ ಫಿಲ್ಟರ್‌ನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಗೋಲ್ಡ್‌ಫಿಶ್ ಸಾಕಿ ಪಳಗಿದವರೂ ಇಲ್ಲಿ ಮೋಸ ಹೋಗುತ್ತಾರೆ. ಪಿಎಚ್ 7ರ ಸಿಹಿನೀರಿನಲ್ಲಿ ಅಮೋನಿಯಾದ ಬಹುಪಾಲು ಅಷ್ಟೇನೂ ಕೇಡು ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ಕಡಲಮೀನಿನ ಟ್ಯಾಂಕಿನ ಪಿಎಚ್ 8.1ರಿಂದ 8.4, ಅಲ್ಲಿ ವಿಷರೂಪದ ಪಾಲು ಸುಮಾರು ಹತ್ತು ಪಟ್ಟು ಇಲ್ಲವೇ ಅದಕ್ಕೂ ಹೆಚ್ಚಾಗುತ್ತದೆ. ಕಿವಿರು ಸುಟ್ಟ ಮೀನು ಇನ್ನಷ್ಟು ಮಂಕಾಗಿ ಮೂಲೆ ಹಿಡಿಯುತ್ತದೆ. ಪಾಪ, ಹಸಿದಿದೆ ಎಂದು ಯಜಮಾನರು ಇನ್ನೊಂದು ಹಿಡಿ ಹಾಕುತ್ತಾರೆ.

ಮಾಡಬೇಕಾದದ್ದು ಇದಕ್ಕಿಂತ ಸುಲಭ. ಮೊದಲ ದಿನ ಟ್ಯಾಂಕಿನ ದೀಪ ಆರಿಸಿಡಬೇಕು. ಒಂದಕ್ಕಿಂತ ಹೆಚ್ಚು ಅಡಗುತಾಣ ಇರಬೇಕು. ಕಲ್ಲಿನ ಸಂದಿ ಇಲ್ಲದಿದ್ದರೆ ಪಿವಿಸಿ ಪೈಪಿನ ತುಂಡೂ ನಡೆಯುತ್ತದೆ. ಅಡಗಲು ಜಾಗವಿದೆ ಎಂದು ಗೊತ್ತಾದ ಮೀನೇ ಬೇಗ ಹೊರಗೆ ಬರುವುದು. ಗಾಜು ತಟ್ಟಿ ಕರೆಯುವ ಚಾಳಿ ಬಿಡಬೇಕು. ಕಡಲಿನಲ್ಲಿ ಹಿಡಿದ ಮೀನಿಗೆ ಒಣ ಪೆಲೆಟ್ ತಿನ್ನುವ ವಸ್ತು ಎಂದೇ ತಿಳಿದಿರುವುದಿಲ್ಲ. ಅಲುಗಾಡುವ ಜೀವಂತ ಆರ್ಟಿಮಿಯಾ ಎಂಬ ಕಿರುಸೀಗಡಿ ಇಲ್ಲವೇ ಹೆಪ್ಪುಗಟ್ಟಿಸಿಟ್ಟು ಕರಗಿಸಿದ ಮೈಸಿಸ್ ಸೀಗಡಿಯನ್ನು ಪಿಪೆಟ್ಟಿನಿಂದ ಅದರ ಬಾಯಿಯ ಸಮೀಪದ ಹರಿವಿಗೆ ಚಿಟಿಕೆಯಷ್ಟು ಬಿಟ್ಟು, ಹತ್ತು ನಿಮಿಷದಲ್ಲಿ ಉಳಿದದ್ದನ್ನು ಹೀರಿ ತೆಗೆಯಬೇಕು. ಹಳೆಯ ಮೀನುಗಳು ನುಗ್ಗಿ ಬರುವಂತಿದ್ದರೆ ಮೊದಲು ಅವುಗಳಿಗೆ ಟ್ಯಾಂಕಿನ ಇನ್ನೊಂದು ತುದಿಯಲ್ಲಿ ಉಣಿಸಬೇಕು. ಫೈರ್‌ಫಿಶ್ ಬೆದರಿದರೆ ಟ್ಯಾಂಕಿನಿಂದ ಹಾರುತ್ತದೆ, ಆದ್ದರಿಂದ ಮುಚ್ಚಳ ಬೇಕೇ ಬೇಕು.

ಕಾಯುವುದಕ್ಕೂ ಮಿತಿಯುಂಟು. ಆಂಥಿಯಸ್‌ನಂಥ ಪ್ಲವಕ ತಿನ್ನುವ ಮೀನುಗಳಿಗೆ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ತಿನಿಸು ಬೇಕು. ಮ್ಯಾಂಡರಿನ್ ಮೀನು ಸಾಮಾನ್ಯವಾಗಿ ಕೋಪೆಪಾಡ್ ಎಂಬ ಜೀವಂತ ಕಿರುಜೀವಿಗಳನ್ನೇ ಹೆಕ್ಕಿ ತಿನ್ನುವುದರಿಂದ ಹೊಸ ಟ್ಯಾಂಕಿನಲ್ಲಿ ನಿಧಾನವಾಗಿ ಸೊರಗುತ್ತದೆ; ಅನನುಭವಿಗಳು ಅದನ್ನು ಕೊಳ್ಳಲೇಬಾರದು. ಹೊಟ್ಟೆ ಒಳಗೆ ಸೆಳೆದುಕೊಂಡಿದ್ದರೆ, ಉಸಿರು ಬಿರುಸಾಗಿದ್ದರೆ, ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡರೆ ಅದು ನಾಚಿಕೆಯಲ್ಲ, ಕಾಯಿಲೆ. ಸೈನೈಡ್ ಚಿಮುಕಿಸಿ ಹಿಡಿದ ಮೀನಿಗೆ ಯಾವ ತಿನಿಸೂ ರುಚಿಸದಿರಬಹುದು. ಕೊಳ್ಳುವ ಮೊದಲು ಅಂಗಡಿಯಲ್ಲೇ ಅದು ತಿನ್ನುವುದನ್ನು ನೋಡುವುದು ಒಳ್ಳೆಯದು. ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಕ್ಲೌನ್‌ಫಿಶ್ ಆದರೆ ಈ ತಾಪತ್ರಯ ಕಡಿಮೆ. ಅದರ ಸಂತಾನೋತ್ಪತ್ತಿ ತಂತ್ರವನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಭಾರತದಲ್ಲೇ ರೂಢಿಸಿದೆ.

ಬೀದರ್ ಜಿಲ್ಲೆಯ ಬೇಮಳಖೇಡ, ಹುಮನಾಬಾದ್, ಬಸವಕಲ್ಯಾಣದ ಕಡೆ ಕಡಲು ನೂರಾರು ಕಿಲೋಮೀಟರ್ ಆಚೆಯ ಮಾತು. ಮೀನು ಹೈದರಾಬಾದಿನಂಥ ಪೇಟೆಯಿಂದ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಚೀಲದಲ್ಲೇ ಬರಬೇಕು. ಬಂದ ಮೇಲೆ ಚೀಲ ಬಿಚ್ಚಿ ಗಂಟೆಗಟ್ಟಲೆ ಹನಿ ಹನಿ ನೀರು ಬೆರೆಸಿದಷ್ಟೂ ಒಳ್ಳೆಯದೆಂಬುದು ಅರ್ಧಸತ್ಯ. ಬಿಚ್ಚಿದ ಕೂಡಲೇ ಚೀಲದ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಪಿಎಚ್ ಏರುತ್ತದೆ, ಅಲ್ಲಿಯವರೆಗೆ ಅಡಗಿದ್ದ ಅಮೋನಿಯಾ ವಿಷವಾಗುತ್ತದೆ. ದೂರದಿಂದ ಬಂದ ಮೀನಿಗೆ ಉಷ್ಣತೆ, ಲವಣಾಂಶ ಹೊಂದಿಸಿ ಬೇಗ ಬಿಡುವುದೇ ಲೇಸು.

ತಪ್ಪು ನಂಬಿಕೆಗಳು ಇನ್ನೂ ಇವೆ. ಅಡುಗೆಯ ಉಪ್ಪು ಕದಡಿದರೆ ಕಡಲನೀರಾಗುತ್ತದೆ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ: ಕಡಲನೀರಿನಲ್ಲಿ ಲೀಟರಿಗಿರುವ ಸುಮಾರು 35 ಗ್ರಾಂ ಲವಣದಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್‌ಗಳೂ ಇವೆ. ಕಡಲಿನಲ್ಲಿ ಅನಿಮೊನಿಯ ಆಸರೆಯಲ್ಲಿ ಬದುಕುವ ಕ್ಲೌನ್‌ಫಿಶ್‌ಗೆ ಟ್ಯಾಂಕಿನಲ್ಲಿ ಅದು ಇರಲೇಬೇಕಿಲ್ಲ. ನಿಜವಾದ ಹವಳವಿಲ್ಲದೆ ಮೀನು ಒಗ್ಗುವುದಿಲ್ಲ ಎನ್ನುವವರು ನಮ್ಮ ಕಡಲಿನ ಕಲ್ಲುಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆಯಲ್ಲಿದೆ ಎಂಬುದನ್ನು ತಿಳಿದಿರಬೇಕು. ಮೀನಿನ ನೆನಪು ಮೂರು ಸೆಕೆಂಡಿನದಂತೆ. ಹಾಗಿದ್ದರೆ ಉಣಿಸುವ ಹೊತ್ತಿಗೆ ಸರಿಯಾಗಿ ಗಾಜಿನ ಬಳಿ ಗುಂಪು ಕೂಡುವುದು ಹೇಗೆ?

ಇವೆಲ್ಲಕ್ಕಿಂತ ಗಟ್ಟಿಯಾಗಿರುವುದು ವಾಸ್ತುವಿನ ಹೆಸರಿನ ನಂಬಿಕೆ: ಅಕ್ವೇರಿಯಂನ ಮೀನು ಸತ್ತರೆ ಮನೆಗೆ ಬರಬೇಕಿದ್ದ ಕೇಡನ್ನು ಅದು ಹೊತ್ತುಕೊಂಡು ಹೋಯಿತಂತೆ. ಇಷ್ಟು ಅನುಕೂಲದ ಸಿದ್ಧಾಂತ ಮತ್ತೊಂದಿಲ್ಲ. ತಿನಿಸು ಸುರಿದವರ ತಪ್ಪು ಪುಣ್ಯವಾಗುತ್ತದೆ, ನೀರು ಪರೀಕ್ಷಿಸುವ ಗೊಡವೆ ತಪ್ಪುತ್ತದೆ, ಅಂಗಡಿಗೆ ಇನ್ನೊಂದು ಮೀನಿನ ವ್ಯಾಪಾರ ಸಿಗುತ್ತದೆ. ಮೊಬೈಲಿನಲ್ಲಿ ಬಂದದ್ದೆಲ್ಲವನ್ನೂ ನಂಬಿ ಮುಂದೆ ದಾಟಿಸುವವರು, ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ಎಂದರೆ ಮಾತ್ರ ಸಂಶಯವಾದಿಗಳಾಗುತ್ತಾರೆ. ಸತ್ತ ಮೀನನ್ನು ತಕ್ಷಣ ಹೊರತೆಗೆದು, ನೀರಿನ ಒಂದು ಪಾಲನ್ನು ಬದಲಿಸಬೇಕು; ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗಿಳಿದು ಹಾಗೆಯೇ ನಿಲ್ಲುವವರೆಗೆ ಆ ಟ್ಯಾಂಕಿಗೆ ಇನ್ನೊಂದು ಮೀನು ಬಿಡಬಾರದು.