ಒಂದನೆಯ ತರಗತಿಯ ಕಡತ

1896ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಸಾರ್ವಜನಿಕ ಶಾಲೆಯ ಉಪಾಧ್ಯಾಯಿನಿಯೊಬ್ಬರು, ಎಷ್ಟು ತಿದ್ದಿದರೂ ಕಾಗುಣಿತ ಹತ್ತದ ಹದಿನಾಲ್ಕು ವರ್ಷದ ಬಾಲಕನನ್ನು ಕರೆದುಕೊಂಡು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಲೈಟ್ನರ್ ವಿಟ್ಮರ್ ಅವರಲ್ಲಿಗೆ ಹೋದರು. ಹುಡುಗನಿಗೆ ದೃಷ್ಟಿದೋಷವಿರುವುದು ಪರೀಕ್ಷೆಯಿಂದ ತಿಳಿದುಬಂದಿತು. ಕನ್ನಡಕ ಕೊಡಿಸಿ, ಅವನಿಗೆಂದೇ ಬೇರೆ ಪಾಠದ ವ್ಯವಸ್ಥೆ ಮಾಡಲಾಯಿತು. ಮನಶ್ಶಾಸ್ತ್ರೀಯ ಚಿಕಿತ್ಸಾಲಯವೆಂಬುದು ಲೋಕದಲ್ಲಿ ಮೊತ್ತಮೊದಲು ಹುಟ್ಟಿಕೊಂಡುದು ಹೀಗೆ. ಆ ಮಗುವಿನ ಸೋಲನ್ನು ಸೋಮಾರಿತನವೆಂದು ತಳ್ಳಿಹಾಕದೆ, ಇದಕ್ಕೊಂದು ಕಾರಣವಿರಲೇಬೇಕೆಂದು ಬಗೆದ ಉಪಾಧ್ಯಾಯಿನಿಯ ವಿವೇಕಕ್ಕೆ ಈ ಚರಿತ್ರೆಯಲ್ಲಿ ಪ್ರಾಧ್ಯಾಪಕರ ಪಾಂಡಿತ್ಯಕ್ಕಿಂತ ಕಡಮೆಯ ಸ್ಥಾನವಿಲ್ಲ.

ಆದರೆ ಮಗುವೊಂದು, ತಜ್ಞರೊಬ್ಬರು ಎಂಬ ಈ ಏರ್ಪಾಟು ಸಾವಿರಾರು ಮಕ್ಕಳಿರುವ ಸರಕಾರಿ ಶಾಲೆಗಳಿಗೆ ಒದಗುವಂಥದಲ್ಲ. ಈ ಸತ್ಯವನ್ನು ಅತ್ಯಂತ ತೀವ್ರವಾಗಿ ಅನುಭವಿಸಿದವರು ಜೆರಾಲ್ಡ್ ಕ್ಯಾಪ್ಲನ್ ಎಂಬ ಮನೋವೈದ್ಯರು. ಇಸ್ರೇಲ್ ರಾಷ್ಟ್ರವು ಉದಯಿಸಿದ ಹೊಸತರಲ್ಲಿ, ದೇಶದೇಶಗಳಿಂದ ವಲಸೆ ಬಂದು ನೂರಕ್ಕೂ ಹೆಚ್ಚು ವಸತಿ ಸಂಸ್ಥೆಗಳಲ್ಲಿ ಚದುರಿಹೋಗಿದ್ದ ಸುಮಾರು 16,000 ಎಳೆಯರ ಮನಸ್ಸಿನ ಯೋಗಕ್ಷೇಮವು ಅವರ ಪುಟ್ಟ ತಂಡದ ಪಾಲಿಗೆ ಬಂದಿತು. ಒಂದೊಂದು ಮಗುವನ್ನೂ ಜೆರೂಸಲೇಮಿಗೆ ಕರೆಸಿ ನೋಡುವುದು ಅಸಾಧ್ಯವಾದುದರಿಂದ ಅವರು ತಾವೇ ಆ ಸಂಸ್ಥೆಗಳಿಗೆ ಹೋಗಿ, ಮಕ್ಕಳನ್ನು ಹಗಲಿರುಳು ನೋಡಿಕೊಳ್ಳುತ್ತಿದ್ದವರೊಡನೆ ಕುಳಿತು ಮಾತನಾಡತೊಡಗಿದರು. ಪಾಲಕರ ಗಾಬರಿ ಇಳಿದು ಅವರ ದೃಷ್ಟಿ ವಿಶಾಲವಾದರೆ ಮಗುವಿನ ತೊಂದರೆ ಎಷ್ಟೋ ಪಾಲು ಅಲ್ಲಿಯೇ ಹಗುರವಾಗುವುದೆಂಬ ಅನುಭವ ಅವರಿಗಾಯಿತು. ತರುವಾಯ ಅಮೆರಿಕದಲ್ಲಿ ನೆಲೆಸಿ 1964ರಲ್ಲಿ ಅವರು ಪ್ರಕಟಿಸಿದ ನಿರೋಧಕ ಮನೋವೈದ್ಯಶಾಸ್ತ್ರದ ಗ್ರಂಥವು, ರೋಗ ಬಾರದಂತೆ ತಡೆಯುವುದು, ಬಂದುದನ್ನು ಬೇಗನೆ ಗುರುತಿಸುವುದು, ನೆಲೆಯೂರಿದುದರ ಹಾನಿಯನ್ನು ಕಡಮೆ ಮಾಡುವುದು ಎಂಬ ಸಾರ್ವಜನಿಕ ಆರೋಗ್ಯದ ಮೂರು ಹಂತಗಳನ್ನು ಮನಸ್ಸಿನ ಕ್ಷೇತ್ರಕ್ಕೆ ತಂದಿತು.

ಅಷ್ಟರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ, ಗ್ರಂಥದ ನೆರವಿಲ್ಲದೆ, ಕೇವಲ ಶಾಲೆಯ ಕಡತಗಳನ್ನು ತಿರುವಿಹಾಕಿದುದರಿಂದಲೇ ಇದೇ ವಿಚಾರ ಮೊಳೆತಿದ್ದಿತು. ಪ್ರಾಥಮಿಕ ಶಾಲೆಯ ಕಡೆಯ ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರ ಬಳಿಗೆ ಬರುವ ಮಕ್ಕಳ ಸಂಖ್ಯೆ ಒಮ್ಮೆಗೇ ಏರುತ್ತಿದ್ದಿತು. ಅಂಥ ಮಗುವಿನ ಊದಿಕೊಂಡ ಕಡತವನ್ನು ಹಿಂದುಹಿಂದಕ್ಕೆ ಓದುತ್ತ ಹೋದರೆ, ಅದೇ ದೂರು ಒಂದನೆಯ ತರಗತಿಯ ಟಿಪ್ಪಣಿಯಲ್ಲಿಯೇ ಕಾಣುತ್ತಿದ್ದಿತು. ಬರೆದಿಟ್ಟವರಿದ್ದರು, ಓದಿದವರಿರಲಿಲ್ಲ. ತರಗತಿಯ ಮೂರು ನಾಲ್ಕು ಮಕ್ಕಳೇ ತಮ್ಮ ಹೊತ್ತಿನಲ್ಲಿ ಅರ್ಧವನ್ನು ನುಂಗಿಬಿಡುತ್ತಾರೆಂದು ಉಪಾಧ್ಯಾಯರೂ ಹೇಳುತ್ತಿದ್ದರು. ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಿದ ಎಮರಿ ಕೊವೆನ್ ಮತ್ತು ಅವರ ಸಹೋದ್ಯೋಗಿಗಳು 1957ರಲ್ಲಿ ಒಂದೇ ಒಂದು ಶಾಲೆಯಲ್ಲಿ ತಮ್ಮ ಪ್ರಯೋಗವನ್ನು ಆರಂಭಿಸಿದರು.

ಅದರ ಮೊದಲ ಕೆಲಸ ಗುರುತಿಸುವುದು. ಒಂದನೆಯ ತರಗತಿಯ ಮಕ್ಕಳನ್ನು ಪರೀಕ್ಷಿಸಿ, ತಾಯಂದಿರನ್ನು ಮಾತನಾಡಿಸಿ, ಉಪಾಧ್ಯಾಯರ ಅಭಿಪ್ರಾಯವನ್ನು ಸೇರಿಸಿ, ತೊಂದರೆ ತಲೆದೋರಿರುವ ಅಥವಾ ತಲೆದೋರಬಹುದಾದ ಮಕ್ಕಳ ಹೆಸರಿಗೆ ಕೆಂಪು ಚೀಟಿಯ ಗುರುತು ಹಾಕಿದರು. ಹೀಗೆ ಆಯ್ಕೆಯಾದವರು ಸರಿಸುಮಾರು ಮೂರರಲ್ಲೊಂದು ಪಾಲು. ಎರಡನೆಯ ಕೆಲಸ ಒಡನಾಟ. 1960ರ ದಶಕದಲ್ಲಿ, ತಜ್ಞರು ಸಾಲದೆ ಬಂದಾಗ, ಮಕ್ಕಳನ್ನು ಸಾಕಿ ಬೆಳೆಸಿ ಅನುಭವವಿದ್ದ ಗೃಹಿಣಿಯರನ್ನು ಆರಿಸಿ, ಅಲ್ಪಕಾಲದ ಶಿಕ್ಷಣವನ್ನಿತ್ತು ಶಾಲೆಗೆ ತಂದರು. ಆಟದ ಸಾಮಾನು, ಬಣ್ಣ, ಗೊಂಬೆಗಳಿರುವ ಕೋಣೆಯಲ್ಲಿ ವಾರವಾರವೂ ನಿಗದಿಯಾದ ಹೊತ್ತಿಗೆ ಒಬ್ಬಳು ಮಹಿಳೆ ಒಂದು ಮಗುವಿನೊಡನೆ ಕುಳಿತುಕೊಳ್ಳುವಳು. ಮಗು ಆಡಿದರೆ ಆಡುವಳು, ಮಾತನಾಡಿದರೆ ಕೇಳುವಳು. ತಜ್ಞರು ಅವಳ ಬೆನ್ನಿಗಿದ್ದು ಮಾರ್ಗದರ್ಶನ ಮಾಡುವರು. ಪದವಿಯಿಲ್ಲದವರ ಕೈಗೆ ಮಕ್ಕಳ ಮನಸ್ಸನ್ನು ಒಪ್ಪಿಸಿದ ಈ ನಿರ್ಧಾರವೇ ಆ ಪ್ರಯೋಗದ ಧೀರವಾದ ಭಾಗವೆಂದು ನನಗೆ ತೋರುತ್ತದೆ. ಒಬ್ಬ ತಜ್ಞರು ಮುಟ್ಟಬಹುದಾಗಿದ್ದ ಮಕ್ಕಳ ಸಂಖ್ಯೆ ಅದರಿಂದ ಹಲವು ಮಡಿ ಹೆಚ್ಚಿತು.

ಆ ಸಂಶೋಧನೆಯ ಇನ್ನೊಂದು ಫಲವನ್ನು ಇಲ್ಲಿ ಹೇಳದಿರಲಾಗದು. ಮೂರನೆಯ ತರಗತಿಯ ಮಕ್ಕಳಿಗೆ, ‘ನಾವೊಂದು ನಾಟಕವಾಡುವುದಾದರೆ ಯಾವ ಪಾತ್ರಕ್ಕೆ ನಿಮ್ಮಲ್ಲಿ ಯಾರು ತಕ್ಕವರು?’ ಎಂದು ಕೇಳಿ ಉತ್ತರಗಳನ್ನು ಬರೆಸಿಕೊಂಡಿದ್ದರು. ಪಾತ್ರಗಳಲ್ಲಿ ಒಳ್ಳೆಯವೂ ಇದ್ದವು, ಕೆಟ್ಟವೂ ಇದ್ದವು. ಹನ್ನೊಂದರಿಂದ ಹದಿಮೂರು ವರ್ಷಗಳ ಮೇಲೆ, ಆ ಪ್ರಾಂತದಲ್ಲಿ ಮನೋವೈದ್ಯರ ಸೇವೆ ಪಡೆದವರ ದಾಖಲೆಯಲ್ಲಿ ಯಾರ ಯಾರ ಹೆಸರು ಸೇರಿದೆಯೆಂದು ನೋಡಿದಾಗ, ಬುದ್ಧಿಪರೀಕ್ಷೆಯ ಅಂಕಗಳಿಗಿಂತಲೂ ಉಪಾಧ್ಯಾಯರ ಅಭಿಪ್ರಾಯಕ್ಕಿಂತಲೂ ಹೆಚ್ಚು ನಿಜವಾದ ಮುನ್ಸೂಚನೆಯನ್ನು ಕೊಟ್ಟಿದ್ದುದು ಓರಗೆಯ ಮಕ್ಕಳ ಆ ಆಯ್ಕೆಯೇ ಎಂದು 1973ರಲ್ಲಿ ಅವರು ಪ್ರಕಟಿಸಿದರು. ಜೊತೆಯ ಮಕ್ಕಳು ಯಾರನ್ನು ಆಟಕ್ಕೆ ಸೇರಿಸುವುದಿಲ್ಲವೋ ಆ ಮಗುವನ್ನು ಕುರಿತು ಹಿರಿಯರು ಬಹು ಹಿಂದೆಯೇ ಚಿಂತಿಸಬೇಕಾಗಿದ್ದಿತು.

ಕ್ಯಾಪ್ಲನ್ ತಂದ ಮೂರು ಹಂತಗಳ ವಿಚಾರವು ಶಾಲೆಗಳಲ್ಲಿ ಇಂದಿನ ರೂಪವನ್ನು ಪಡೆದುದು 1990ರ ದಶಕದಲ್ಲಿ, ಆರೆಗಾನ್ ವಿಶ್ವವಿದ್ಯಾನಿಲಯದ ಹಿಲ್ ವಾಕರ್, ರಾಬರ್ಟ್ ಹಾರ್ನರ್, ಜಾರ್ಜ್ ಸುಗಾಯ್ ಮೊದಲಾದವರ ಕೈಯಲ್ಲಿ. ಅವರು ಬರೆದ ತ್ರಿಕೋಣದಲ್ಲಿ ತಳದ ಹಸಿರು ಭಾಗವು ಶಾಲೆಯ ಸಕಲ ಮಕ್ಕಳಿಗೂ ಸಲ್ಲುವ ಸೇವೆ. ನೂರಕ್ಕೆ ಸುಮಾರು 80 ಮಂದಿಗೆ ಅಷ್ಟೇ ಸಾಕಾಗುವುದೆಂದು ಅವರ ಅಂದಾಜು. ನಡುವಿನ ಹಳದಿ ಭಾಗವು ಇನ್ನೂ ಕೊಂಚ ಆಸರೆ ಬೇಕಾದ 15 ಮಂದಿಗೆ, ತುದಿಯ ಕೆಂಪು ಭಾಗವು ಮನೆಯವರನ್ನೂ ವೈದ್ಯರನ್ನೂ ಕೂಡಿಸಿಕೊಂಡು ಒಬ್ಬೊಬ್ಬರಿಗಾಗಿಯೇ ಯೋಜಿಸಬೇಕಾದ 5 ಮಂದಿಗೆ. ನಡುವಣ ಹಂತದ ಒಂದು ಪದ್ಧತಿ ನೋಡಲು ಬಲು ಸರಳ: ಮಗು ಬೆಳಿಗ್ಗೆ ಬಂದೊಡನೆ ಗೊತ್ತಾದ ಒಬ್ಬ ಹಿರಿಯರನ್ನು ಕಂಡು ಒಂದು ಕಾರ್ಡನ್ನು ಪಡೆಯುತ್ತದೆ, ಒಂದೊಂದು ಪೀರಿಯಡ್ ಮುಗಿದಾಗಲೂ ಉಪಾಧ್ಯಾಯರು ಅದರಲ್ಲಿ ಗುರುತು ಹಾಕುತ್ತಾರೆ, ಸಂಜೆ ಅದೇ ಹಿರಿಯರು ಅದನ್ನು ನೋಡಿ ಎರಡು ಮಾತನಾಡುತ್ತಾರೆ, ರಾತ್ರಿ ತಾಯಿಯೋ ತಂದೆಯೋ ರುಜು ಹಾಕುತ್ತಾರೆ. ದಿನಕ್ಕೆ ಎರಡು ಬಾರಿ ತನ್ನನ್ನು ಹೆಸರು ಹಿಡಿದು ಕರೆದು ವಿಚಾರಿಸುವವರು ಶಾಲೆಯಲ್ಲಿದ್ದಾರೆಂಬ ಭರವಸೆಯೇ ಇಲ್ಲಿ ಔಷಧ.

ಆದರೂ ಈ ಬಣ್ಣಗಳನ್ನು ಕಂಡರೆ ನನಗೆ ರಾಚೆಸ್ಟರಿನ ಕೆಂಪು ಚೀಟಿಯ ನೆನಪಾಗಿ ಆತಂಕವಾಗುತ್ತದೆ. ಹಂತಗಳು ಸೇವೆಯವು, ಮಕ್ಕಳವಲ್ಲ. ಈ ವರ್ಷ ಮೂರನೆಯ ಹಂತದ ನೆರವು ಬೇಕಾದ ಮಗುವಿಗೆ ಬರುವ ವರ್ಷ ಮೊದಲನೆಯದೇ ಸಾಕಾಗಬಹುದು. ಶಿಕ್ಷಕರ ಕೊಠಡಿಯಲ್ಲಿ ‘ಅವನು ಮೂರನೆಯ ಹಂತದವನು’ ಎಂಬ ಮಾತು ಒಮ್ಮೆ ಹುಟ್ಟಿತೆಂದರೆ, ಮಗುವನ್ನು ಎತ್ತಲೆಂದು ಮಾಡಿದ ಏರ್ಪಾಟೇ ಅದನ್ನು ಕೆಳಗೆ ಒತ್ತಿಹಿಡಿಯುವುದು.

ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ ಇಂಥದೇ ಹಂತಹಂತದ ಕ್ರಮವನ್ನು ಲೋಕದ ಶಾಲೆಗಳಿಗೆಲ್ಲ ಸೂಚಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ದಿಕ್ಕಿನ ಕಾರ್ಯವು ಸ್ವತಂತ್ರವಾಗಿಯೇ ಬೆಳೆದುಬಂದಿತ್ತು. ಮಾಳವಿಕಾ ಕಪೂರ್ ಅವರು ಶಾಲೆಯ ಶಿಕ್ಷಕರಿಗೇ ಮಕ್ಕಳ ಮನಸ್ಸಿನ ತೊಂದರೆಗಳನ್ನು ಗುರುತಿಸುವ ತರಬೇತಿಯನ್ನಿತ್ತು, ಆ ಅನುಭವವನ್ನು ಪುಸ್ತಕರೂಪದಲ್ಲಿಯೂ ತಂದರು; ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅವರು ಪ್ರೌಢಶಾಲೆಯ ಶಿಕ್ಷಕರ ಮೂಲಕ ಜೀವನ ಕೌಶಲ ಶಿಕ್ಷಣವನ್ನು ರೂಪಿಸಿದರು. 2020ರ ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮವು ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯದ ಹೊಣೆಗೆ ಗೊತ್ತುಮಾಡಿತು. ಅಂತೂ ತಳದ ಹಂತಕ್ಕೆ ನಮ್ಮಲ್ಲಿ ಒಂದು ರೂಪವಿದೆ; ತುದಿಯ ಹಂತಕ್ಕೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರೂ, 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯೂ ಇವೆ.

ಬರಿದಾಗಿರುವುದು ನಡುವಣ ಹಂತ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿ ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿದ್ದರು. ಐವತ್ತು ಮಕ್ಕಳ ತರಗತಿಯಲ್ಲಿ ಮೂವರೋ ನಾಲ್ವರೋ ಅಂಥವರು ಎಂದಂತಾಯಿತು. ಗಣತಿಯ ಕೆಲಸ, ಬಿಸಿಯೂಟದ ಲೆಕ್ಕ, ಪಾಠದ ಹೊರೆಗಳ ನಡುವೆ ಶಿಕ್ಷಕರು ಅವರನ್ನು ಗುರುತಿಸಿದರೂ, ಆಸ್ಪತ್ರೆಗೆ ಕಳುಹಿಸುವಷ್ಟು ವಿಷಮಿಸದ ಮಗುವನ್ನು ವಾರಕ್ಕೆ ಅರ್ಧ ಗಂಟೆ ಕೂರಿಸಿಕೊಂಡು ಮಾತನಾಡಿಸುವವರು ಯಾರು? ರಾಚೆಸ್ಟರಿನಲ್ಲಿ ಆ ಕೆಲಸವನ್ನು ಮಾಡಿದವರು ನೆರೆಹೊರೆಯ ತಾಯಂದಿರು. ನಮ್ಮ ಹಳ್ಳಿಯ ಶಾಲೆಗಳ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ತಾಯಂದಿರಿದ್ದಾರೆ, ಸ್ತ್ರೀಶಕ್ತಿ ಸಂಘಗಳಲ್ಲಿ ವಿವೇಕಿಗಳಾದ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ತಕ್ಕವರನ್ನು ಆರಿಸಿ, ತರಬೇತಿಯನ್ನೂ ಗೌರವಧನವನ್ನೂ ಕೊಟ್ಟು, ಬೆನ್ನಿಗೆ ತಾಲ್ಲೂಕಿಗೊಬ್ಬ ಮನಶ್ಶಾಸ್ತ್ರಜ್ಞರನ್ನು ನಿಲ್ಲಿಸಿ, ಶಾಲೆಯಲ್ಲಿ ಒಂದು ಕೋಣೆಯನ್ನು ಬಿಟ್ಟುಕೊಡುವುದು ಶಿಕ್ಷಣ ಇಲಾಖೆಯ ಶಕ್ತಿಗೆ ಮೀರಿದುದಲ್ಲ. ಒಂದು ಜಿಲ್ಲೆಯಲ್ಲಾದರೂ ಒಂದನೆಯ ತರಗತಿಯಿಂದಲೇ ಅದು ಆರಂಭವಾಗಬೇಕು.