ಏನು ಚೆಲ್ಲಿತು, ಮೊದಲು ಹೇಳಿ

ಲ್ಯಾಪ್‌ಟಾಪ್ ಯಾವ ಕಂಪನಿಯದು, ಎಷ್ಟು ವರ್ಷದ್ದು, ವಾರಂಟಿ ಇದೆಯೋ ಇಲ್ಲವೋ ಎಂಬುದೆಲ್ಲ ಆಮೇಲಿನ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಮಹಡಿ ಅಂಗಡಿಯಲ್ಲಿ ಗಿರಾಕಿ ಎದುರಿಸುವ ಮೊದಲ ಪ್ರಶ್ನೆ, ‘ಏನು ಬಿತ್ತು?’ ನೀರು ಎಂದರೆ ಅಷ್ಟಕ್ಕೇ ಬಿಡುವುದಿಲ್ಲ. ‘ಕಾವೇರಿನೋ, ಬೋರೋ, ಫಿಲ್ಟರ್‌ದೋ?’ ಗಿರಾಕಿ ತಮಾಷೆ ಎಂದುಕೊಂಡು ನಗುತ್ತಾನೆ. ಕೇಳಿದವರು ನಗುವುದಿಲ್ಲ. ಚೀಟಿಯ ಮೇಲೆ ಹೆಸರು, ಫೋನ್ ನಂಬರಿನ ಕೆಳಗೆ ‘ಬೋರ್, ಅರ್ಧ ಲೋಟ, ನಿನ್ನೆ ರಾತ್ರಿ’ ಎಂದು ಬರೆದುಕೊಳ್ಳುತ್ತಾರೆ.

ರಸ್ತೆಯವರಿಗೆ ಇವರು ಮೇಷ್ಟ್ರು. ಪಾಠ ಹೇಳಿದವರಲ್ಲ, ಅರವತ್ತು ದಾಟಿದ ರಿಪೇರಿಯವರು. ಅಕ್ಕಪಕ್ಕದ ಅಂಗಡಿಯ ಹುಡುಗರು ಕೈಚೆಲ್ಲಿದ ಮದರ್‌ಬೋರ್ಡುಗಳೆಲ್ಲ ಕೊನೆಗೆ ಇವರ ಮೇಜಿಗೆ ಬರುವುದರಿಂದ ಆ ಹೆಸರು ಅಂಟಿಕೊಂಡಿದೆ. ನಿಜವಾದ ಹೆಸರು ಪತ್ರಿಕೆಯಲ್ಲಿ ಬರುವುದು ಬೇಡ, ಈಗಿರುವ ಕೆಲಸವೇ ಮುಗಿಯುತ್ತಿಲ್ಲ ಎಂದರು.

ಕಾವೇರಿ–ಬೋರು ಪ್ರಶ್ನೆಗೆ ಕಾರಣವಿದೆ. ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದು ತೀರಾ ಕಡಿಮೆ. ಅದನ್ನು ಹರಿಸುವುದು ನೀರಿನಲ್ಲಿ ಕರಗಿರುವ ಲವಣ. ನಗರದ ಬೋರ್‌ವೆಲ್ ನೀರು ಗಡುಸು, ಲವಣ ಹೆಚ್ಚು, ಆರಿದ ಮೇಲೂ ಬಿಳಿ ಪೊರೆ ಬಿಟ್ಟು ಹೋಗುತ್ತದೆ. ಆದರೂ ಮೇಷ್ಟ್ರ ಲೆಕ್ಕದಲ್ಲಿ ನೀರೇ ಸಾಧು. ಫಿಲ್ಟರ್ ಕಾಫಿಯಲ್ಲಿ ಹಾಲು, ಸಕ್ಕರೆ ಎರಡೂ ಇವೆ. ಕೀಲಿಗಳು ಅಂಟಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ, ಆದರೆ ಒಳಗೆ ಉಳಿದ ಸಕ್ಕರೆ ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುವುದು ಕಾಣುವುದಿಲ್ಲ. ಕೋಲಾದಲ್ಲಿ ಸಕ್ಕರೆಯ ಜೊತೆಗೆ ಫಾಸ್ಫಾರಿಕ್ ಆಮ್ಲ. ಮಜ್ಜಿಗೆಯಲ್ಲಿ ಉಪ್ಪು, ಹುಳಿ ಎರಡೂ. ಆದರೆ ಅವರು ನಿಜಕ್ಕೂ ಹೆದರುವುದು ಎಳನೀರಿಗೆ. ಬಿಸಿಲಿಗೆ ಬಳಲಿದ ದೇಹಕ್ಕೆ ಅದನ್ನು ಯಾಕೆ ಕುಡಿಸುತ್ತೇವೋ ಅದೇ ಕಾರಣಕ್ಕೆ, ಅಂದರೆ ಅದರಲ್ಲಿ ಧಾರಾಳವಾಗಿರುವ ಪೊಟ್ಯಾಸಿಯಂ ಮೊದಲಾದ ಲವಣಗಳಿಗಾಗಿ, ಅದು ಬೋರ್ಡಿಗೆ ವಿಷ. ಬರೀ ಡಿಕಾಕ್ಷನ್ ಕುಡಿಯುವವರು ಪುಣ್ಯವಂತರು ಎಂದು ಅವರು ಹೇಳಿದಾಗ ಮಾತ್ರ ಮುಖದಲ್ಲಿ ನಗು ಸುಳಿಯಿತು.

ಚೆಲ್ಲಿದ ಕ್ಷಣ ಏನು ಮಾಡಬೇಕು? ನಮಗೆಲ್ಲ ಮೊದಲು ಹೊಳೆಯುವುದು ಒರೆಸುವುದು. ಮೇಷ್ಟ್ರ ಪ್ರಕಾರ ಅದು ಕೊನೆಯ ಕೆಲಸ. ಮೊದಲು ಗೋಡೆಯ ಸ್ವಿಚ್ ಆರಿಸಿ ಚಾರ್ಜರ್ ಕೀಳಬೇಕು. ಆಮೇಲೆ ಪವರ್ ಬಟನ್ನನ್ನು ಪರದೆ ಸಾಯುವವರೆಗೂ ಒತ್ತಿ ಹಿಡಿಯಬೇಕು. ಫೈಲ್ ಸೇವ್ ಮಾಡಿ, ಕಿಟಕಿಗಳನ್ನೆಲ್ಲ ಮುಚ್ಚಿ, ಶಾಸ್ತ್ರೋಕ್ತವಾಗಿ ಶಟ್‌ಡೌನ್ ಮಾಡುತ್ತ ಕೂರುವ ಹೊತ್ತಲ್ಲ ಅದು. ಅದಾದ ಮೇಲೆ ಮುಚ್ಚಳ ತೆರೆದಂತೆಯೇ ಮಗುಚಿ, ಗುಡಾರದ ಹಾಗೆ ಮೇಜಿನ ಅಂಚಿಗೆ ಇಟ್ಟರೆ ಕೀಬೋರ್ಡಿನಿಂದ ಕೆಳಗಿಳಿಯಬೇಕಿದ್ದ ದ್ರವ ಬಂದ ದಾರಿಯಲ್ಲೇ ಹೊರಬರುತ್ತದೆ. ಅಲ್ಲಾಡಿಸಬಾರದು. ಕೊಡವಿದರೆ ಒದ್ದೆಯಾಗದ ಜಾಗವೂ ಒದ್ದೆಯಾಗುತ್ತದೆ.

ಬ್ಯಾಟರಿ ತೆಗೆಯಬಹುದಾದರೆ ತೆಗೆಯಲೇಬೇಕು ಎಂಬುದನ್ನು ಅವರು ಮತ್ತೆ ಮತ್ತೆ ಹೇಳಿದರು. ಆರಿಸಿದ ಲ್ಯಾಪ್‌ಟಾಪ್ ಪೂರ್ತಿ ಆರಿರುವುದಿಲ್ಲ. ಯಾರಾದರೂ ಬಟನ್ ಒತ್ತಿಯಾರೆಂದು ಕಾಯುವ ಒಂದಷ್ಟು ಸರ್ಕ್ಯೂಟಿಗೆ ಬ್ಯಾಟರಿಯಿಂದ ವಿದ್ಯುತ್ ಹೋಗುತ್ತಲೇ ಇರುತ್ತದೆ. ಒದ್ದೆಯ ಜೊತೆ ಆ ಸಣ್ಣ ವೋಲ್ಟೇಜ್ ಸೇರಿದರೆ ಸಾಕು, ಹೈಸ್ಕೂಲಿನ ಪ್ರಯೋಗಾಲಯದಲ್ಲಿ ನೋಡಿದ ವಿದ್ಯುದ್ವಿಭಜನೆ ಮದರ್‌ಬೋರ್ಡಿನ ಮೇಲೆ ಶುರುವಾಗುತ್ತದೆ. ಚಿಪ್ಪಿನ ಒಂದು ಕಾಲಿನ ಲೋಹ ಕರಗಿ ಪಕ್ಕದ ಕಾಲಿನತ್ತ ಸರಿಯುತ್ತದೆ, ತಾಮ್ರದ ಮೇಲೆ ಹಸಿರು ಕಿಲುಬು ಏಳುತ್ತದೆ. ಹಿಂದೆ ಲ್ಯಾಪ್‌ಟಾಪಿನ ಬೆನ್ನಲ್ಲಿ ಒಂದು ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಈಗಿನ ತೆಳು ಯಂತ್ರಗಳಲ್ಲಿ ಅದಕ್ಕೆ ಸ್ಕ್ರೂಡ್ರೈವರ್ ಬೇಕು, ಸ್ವಲ್ಪ ಧೈರ್ಯವೂ ಬೇಕು. ಇಲ್ಲದವರು ಅದೇ ದಿನ ತಂದುಬಿಡಬೇಕು.

ಬಹಳಷ್ಟು ಜನ ಅದೇ ದಿನ ತರುವುದಿಲ್ಲ, ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಾರೆ. ಈ ಅಕ್ಕಿ ವೈದ್ಯ ನಮ್ಮಲ್ಲಿ ಎಲ್ಲಿಂದ ಹರಡಿತೋ, ಅದರ ಮೇಲಿನ ನಂಬಿಕೆಯಂತೂ ಅಲುಗಾಡಿಲ್ಲ. ಒದ್ದೆ ಫೋನನ್ನು ಅಕ್ಕಿಯಲ್ಲಿಡಬೇಡಿ ಎಂದು 2024ರಲ್ಲಿ ಆ್ಯಪಲ್ ಕಂಪನಿಯೇ ತನ್ನ ಸಲಹಾ ಪುಟದಲ್ಲಿ ಹೇಳಿದ್ದು ಸುದ್ದಿಯಾಗಿತ್ತು. ಹೊರಗೆ ಕೂತ ಅಕ್ಕಿ ಚಿಪ್ಪಿನ ಕೆಳಗಿನ ನೀರನ್ನು ಎಳೆಯುವುದಿಲ್ಲ. ಒಂದು ವೇಳೆ ನೀರು ಆರಿದರೂ ಅದರಲ್ಲಿದ್ದ ಉಪ್ಪು, ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ. ಹೇರ್ ಡ್ರೈಯರ್ ಹಿಡಿಯುವವರ ಬಗ್ಗೆ ಮೇಷ್ಟ್ರಿಗೆ ಇನ್ನೂ ಸಿಟ್ಟು. ಅದರ ಗಾಳಿ ನೀರನ್ನು ಇನ್ನಷ್ಟು ಒಳಗೆ ತಳ್ಳುತ್ತದೆ, ಕೀಲಿಗಳನ್ನು ಸೊಟ್ಟ ಮಾಡುತ್ತದೆ. ಎಲ್ಲಕ್ಕಿಂತ ಅಪಾಯ, ಸಂಜೆ ಹೊತ್ತಿಗೆ ‘ನಡೀತಿದೆಯಾ ನೋಡೋಣ’ ಎಂದು ಒಮ್ಮೆ ಆನ್ ಮಾಡುವುದು. ‘ಹೆಚ್ಚಿನವು ನೀರು ಬಿದ್ದಾಗ ಸಾಯೋದಿಲ್ಲ, ನೋಡೋಣ ಅಂದಾಗ ಸಾಯ್ತವೆ’ ಎಂದರು.

ನಾನು ಹೋದಾಗ ಮೇಜಿನ ಮೇಲೆ ಕಾಫಿ ಕುಡಿದ ಬೋರ್ಡೊಂದಿತ್ತು. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಸ್ನಾನ ಮುಗಿದಿತ್ತು. ತೊಟ್ಟಿಯ ದ್ರಾವಣದಲ್ಲಿ ಕಿವಿಗೆ ಕೇಳದ ಕಂಪನ ಎಬ್ಬಿಸುವ ಕೋಟ್ಯಂತರ ಸಣ್ಣ ಗುಳ್ಳೆಗಳು ಒಡೆದು, ಬ್ರಷ್ ತಲುಪದ ಸಂದುಗಳ ಕೊಳೆ ಕಳಚುತ್ತವೆ. ಆಮೇಲೆ ಐಪಿಎಯಲ್ಲಿ, ಎಂದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆಯಬೇಕು. ಔಷಧಿ ಅಂಗಡಿಯ ಶೇಕಡ 70ರದ್ದು ಇಲ್ಲಿ ನಡೆಯದು, ಉಳಿದ 30 ನೀರು ತಾನೆ? ಇಷ್ಟೆಲ್ಲ ಆದರೂ ಬೋರ್ಡು ‘ಡೆಡ್’. ಮಲ್ಟಿಮೀಟರಿನ ಮುಳ್ಳುಗಳನ್ನಿಟ್ಟರೆ ಒಂದು ಲೈನಿನಲ್ಲಿ ಬೀಪ್. ಎಲ್ಲೋ ಶಾರ್ಟಿಂಗ್ ಇದೆ. ಆದರೆ ಆ ಲೈನಿಗೆ ಹತ್ತಾರು ಕೆಪಾಸಿಟರುಗಳು ಜೋಡಣೆಯಾಗಿವೆ. ಒಂದೊಂದೂ ಉದ್ದಕ್ಕೆ ಒಂದು ಮಿಲಿಮೀಟರ್, ಅಗಲಕ್ಕೆ ಅರ್ಧ. ಎಲ್ಲವೂ ಒಂದೇ ಕಂದು ಬಣ್ಣ. ಕೆಟ್ಟಿದ್ದು ಯಾವುದು?

ಮೇಷ್ಟ್ರು ಡಿಸಿ ಸಪ್ಲೈಯನ್ನು ಒಂದು ವೋಲ್ಟಿಗೆ ಇಳಿಸಿದರು. ಅಷ್ಟಕ್ಕೆ ಒಳ್ಳೆಯ ಚಿಪ್ಪಿಗೇನೂ ಆಗದು. ಬೋರ್ಡಿನ ಆ ಭಾಗದ ಮೇಲೆ ಬ್ರಷ್ಷಿನಿಂದ ಐಪಿಎ ಸವರಿದರು. ಮೈಕ್ರೋಸ್ಕೋಪಿನೊಳಗೆ ಒಂದೇ ಸಮನೆ ಹೊಳೆಯುವ ತೆಳು ಪದರ ಕಂಡಿತು. ಎರಡು ವೈರುಗಳನ್ನು ಮುಟ್ಟಿಸಿ, ‘ಈಗ ನೋಡಿ’ ಎಂದು ಐಪೀಸಿನಿಂದ ಪಕ್ಕಕ್ಕೆ ಸರಿದರು. ಕಣ್ಣಿಟ್ಟೆ. ಕೊಟ್ಟ ವಿದ್ಯುತ್ತೆಲ್ಲ ಕೆಟ್ಟ ತುಣುಕಿನ ಮೂಲಕವೇ ಹರಿದು ಅದನ್ನು ಬಿಸಿ ಮಾಡಬೇಕು. ನೋಡುತ್ತಿದ್ದಂತೆ ಸಾಲಿನ ನಡುವೆ ಒಂದು ಕೆಪಾಸಿಟರಿನ ತಲೆ ಮಾತ್ರ ಒಣಗಿತು, ಸುತ್ತಲಿನದೆಲ್ಲ ಒದ್ದೆಯಾಗೇ ಹೊಳೆಯುತ್ತಿತ್ತು. ಬಿಸಿಗಾಳಿ ಹಿಡಿದು, ಚಿಮಟದಲ್ಲಿ ಅದನ್ನೆತ್ತಿ ಪಕ್ಕಕ್ಕಿಟ್ಟರು. ಬೀಪ್ ನಿಂತಿತು. ಸತ್ತ ಇನ್ನೊಂದು ಬೋರ್ಡಿನಿಂದ ಅಂಥದೇ ತುಣುಕು ಕಿತ್ತು ಕೂರಿಸಿದರು. ಪವರ್ ಕೊಟ್ಟಾಗ ಸಪ್ಲೈಯ ಆಂಪಿಯರ್ ಅಂಕಿ ಸೊನ್ನೆ ಬಿಟ್ಟು ಮೇಲೆ, ಕೆಳಗೆ ಕುಣಿಯತೊಡಗಿತು. ಅಂಕಿ ಒಂದೇ ಕಡೆ ನಿಂತರೆ ಚಿಂತೆ, ಕುಣಿದರೆ ಪ್ರೊಸೆಸರ್ ಎದ್ದಿದೆ ಎಂದರ್ಥವಂತೆ.

ಎಸ್.ಪಿ. ರಸ್ತೆಯ ಪೂರ್ಣ ಹೆಸರು ಸಾದರ ಪತ್ರಪ್ಪ ರಸ್ತೆ. ಪುರಭವನದ ಬಳಿಯಿಂದ ಪೇಟೆಯೊಳಗೆ ನುಗ್ಗುವ ಇದರ ಚರಿತ್ರೆಯನ್ನು ಮೇಷ್ಟ್ರು ತಮ್ಮ ಕಸುಬಿನ ಲೆಕ್ಕದಲ್ಲೇ ಹೇಳುತ್ತಾರೆ. ಮೊದಲು ನಟ್ಟು, ಬೋಲ್ಟು, ಮೋಟರು. ಆಮೇಲೆ ರೇಡಿಯೊ. 1982ರ ಏಷ್ಯನ್ ಕ್ರೀಡಾಕೂಟದ ಜೊತೆ ಬಣ್ಣದ ಟಿ.ವಿ. ಬಂದ ಮೇಲೆ ಇವರು ಇಲ್ಲಿ ಕೆಲಸ ಕಲಿತದ್ದು. ತೊಂಬತ್ತರ ದಶಕದಲ್ಲಿ ಅಸೆಂಬಲ್ಡ್ ಕಂಪ್ಯೂಟರ್. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ರೇಟು ಕೇಳುತ್ತ ಅಲೆದ ಕಾಲ ಅದು. ಈಗ ಬಿಡಿಭಾಗಗಳೆಲ್ಲ ಆನ್‌ಲೈನಿನಲ್ಲಿ ಮನೆಗೇ ಬರುತ್ತವೆ. ಮನೆಗೆ ತಂದುಕೊಡಲಾಗದ ಸರಕೆಂದರೆ ‘ಚಿಪ್ ಲೆವೆಲ್’ ರಿಪೇರಿ, ಅಂಗಡಿಗಳ ನಾಮಫಲಕಗಳ ಮೇಲೆ ಈಗ ಎದ್ದು ಕಾಣುವುದೂ ಅದೇ.

ಆದರೆ ಅದಕ್ಕೂ ದಾರಿ ಕಿರಿದಾಗುತ್ತಿದೆ. ಮುಂಚೆ ಬೋರ್ಡು ಸತ್ತರೂ ಡಿಸ್ಕ್ ಬಿಚ್ಚಿ ಫೋಟೊ, ಪ್ರಾಜೆಕ್ಟ್ ರಿಪೋರ್ಟುಗಳನ್ನಾದರೂ ತೆಗೆದುಕೊಡಬಹುದಿತ್ತು. ಕೆಲವು ಯಂತ್ರಗಳಲ್ಲಿ ಈಗ ಸ್ಟೋರೇಜ್ ಚಿಪ್ಪನ್ನೂ ಬೋರ್ಡಿಗೇ ಬೆಸೆದಿರುತ್ತಾರೆ, ಬೋರ್ಡು ಉಳಿಯದಿದ್ದರೆ ಡೇಟಾವೂ ಇಲ್ಲ. ರಿಪೇರಿಗೆ ಬೇಕಾದ ಸರ್ಕ್ಯೂಟ್ ನಕ್ಷೆಗಳನ್ನು ತಯಾರಕರು ಹೊರಗಿನವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಕೈಯಿಂದ ಕೈಗೆ ಬಂದ ಪ್ರತಿಗಳಲ್ಲೇ ಕೆಲಸ ಸಾಗಬೇಕು. ಅಧಿಕೃತ ಕೇಂದ್ರಗಳ ಪದ್ಧತಿ ಬೇರೆ. ದ್ರವ ತಾಗಿದ್ದಕ್ಕೆ ಮಾಮೂಲಿ ವಾರಂಟಿ ಅನ್ವಯಿಸುವುದಿಲ್ಲ, ಬೋರ್ಡು ಪೂರ್ತಿ ಬದಲಿಸಿ ಎನ್ನುತ್ತಾರೆ, ಆ ಮೊತ್ತಕ್ಕೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ. ಅರ್ಧ ಮಿಲಿಮೀಟರಿನ ತುಣುಕು ಸುಟ್ಟಿದ್ದಕ್ಕೆ ಇಡೀ ಬೋರ್ಡನ್ನು ಕಸಕ್ಕೆ ಹಾಕುವುದು ಯಾವ ನ್ಯಾಯ ಎಂದು ನನಗಂತೂ ತಿಳಿಯಲಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ವರ್ಷದ ಕೊನೆಗೆ ಒಂದು ಪೋರ್ಟಲನ್ನೂ ತೆರೆಯಿತು. ಮೇಷ್ಟ್ರಿಗೆ ಬೇಕಿರುವುದು ನಕ್ಷೆ. ಅದು ಅವರ ಮೇಜಿಗಿನ್ನೂ ಬಂದಿಲ್ಲ.

ಅವರ ಬಳಿ ಕಲಿಯುತ್ತಿರುವ ಹುಡುಗ ಹಾಸನದ ಕಡೆಯವನು, ಡಿಪ್ಲೊಮಾ ಮುಗಿಸಿದ್ದಾನೆ. ಮೈಕ್ರೋಸ್ಕೋಪಿನಡಿ ಕೂದಲಿಗಿಂತ ತೆಳುವಾದ ಜಂಪರ್ ವೈರ್ ಬೆಸೆಯುವಾಗ ಅವನ ಕೈ ನಡುಗುವುದಿಲ್ಲ, ತಮ್ಮದು ಈಚೆಗೆ ನಡುಗುತ್ತದೆ ಎಂದು ಮೇಷ್ಟ್ರೇ ಹೇಳಿದರು. ಹುಡುಗನಿಗೆ ವೈಟ್‌ಫೀಲ್ಡಿನ ಸರ್ವಿಸ್ ಸೆಂಟರೊಂದರಲ್ಲಿ ಕೆಲಸ ಸಿಕ್ಕಿದೆ. ಒಂದನೇ ತಾರೀಕಿಗೆ ಸಂಬಳ, ಪಿಎಫ್, ಭಾನುವಾರ ರಜೆ. ಬೋರ್ಡು ಬಿಚ್ಚಿ ಬೋರ್ಡು ಹಾಕುವುದಷ್ಟೇ ಕೆಲಸ, ಬೆಸುಗೆ ಹಾಕುವಂತಿಲ್ಲ. ಹೋಗಲೋ ಬೇಡವೋ ಎಂದು ಅವನು ಇವರನ್ನೇ ಕೇಳಿದನಂತೆ. ‘ಹೋಗು ಅಂದೆ. ಮನೆಯಲ್ಲಿ ತಂಗಿ ಮದುವೆ ಇದೆ, ಇನ್ನೇನು ಹೇಳಲಿ?’ ಎಂದು ಮೇಷ್ಟ್ರು ಮುಂದಿನ ಚೀಟಿ ಎತ್ತಿಕೊಂಡರು. ಅದರ ಮೇಲೆ ‘ಎಳನೀರು, ಮೂರು ದಿನ’ ಎಂದಿತ್ತು.