ಚಿಂಚಿಲಾದ ಸ್ನೇಹ



ನಮ್ಮ ಶಾಲೆಯ ಬಾಲಕಿಯೊಬ್ಬಳು ಒಂದು ದಿನ ಒಂದು ಪ್ರಾಣಿಯ ಚಿತ್ರವನ್ನು ತಂದು, “ಗುರುಗಳೇ, ಇದನ್ನು ಮನೆಯಲ್ಲಿ ಸಾಕಬಹುದೇ?” ಎಂದು ಕೇಳಿದಳು. ಮೊಲವನ್ನು ನೆನಪಿಗೆ ತರುವ ಮುಖ, ಅಗಲವಾದ ಕಿವಿ, ಅಳಿಲಿನಂಥ ಬಾಲ, ಬೂದುಬಣ್ಣದ ಮೈ. ಅದು ಚಿಂಚಿಲಾ. ಅವಳ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಆ ಪ್ರಾಣಿಯ ಕಥೆಯನ್ನು ನಾವು ತಿಳಿಯಬೇಕು.

ಚಿಂಚಿಲಾ ಇಲಿ, ಅಳಿಲುಗಳ ವರ್ಗಕ್ಕೆ ಸೇರಿದುದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳೇ ಇದರ ತವರು. ಅಲ್ಲಿಯ ಹವೆ ತಂಪು ಮತ್ತು ಶುಷ್ಕ. ಹಗಲೆಲ್ಲ ಬಂಡೆಗಳ ಸಂದಿನಲ್ಲಿ ಅಡಗಿದ್ದು, ಸಂಜೆಯಾದ ಮೇಲೆ ಇದು ಹೊರಬರುತ್ತದೆ. ಚಳಿಯನ್ನು ತಡೆಯಲು ಪ್ರಕೃತಿಯು ಇದಕ್ಕೆ ದಟ್ಟವಾದ ತುಪ್ಪುಳನ್ನು ಕೊಟ್ಟಿದೆ. ಒಂದೇ ರೋಮಕೂಪದಿಂದ ಐವತ್ತಕ್ಕೂ ಹೆಚ್ಚು ಎಳೆಗಳು ಹೊರಡುತ್ತವೆ. ಆ ತುಪ್ಪುಳೇ ಇದಕ್ಕೆ ಶತ್ರುವಾಯಿತು. ಸಿರಿವಂತರ ಒಂದು ಮೇಲಂಗಿಗೆ ನೂರಕ್ಕೂ ಹೆಚ್ಚು ಚರ್ಮಗಳು ಬೇಕು. ಬೇಟೆ ಮಿತಿಮೀರಿದ್ದರಿಂದ 1910ರಲ್ಲಿ ಚಿಲಿ, ಪೆರು, ಬೊಲಿವಿಯಾ, ಅರ್ಜೆಂಟೀನಾ ದೇಶಗಳು ಅದನ್ನು ತಡೆಯಲು ಒಪ್ಪಂದ ಮಾಡಿಕೊಂಡವು. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರು 11 ಚಿಂಚಿಲಾಗಳನ್ನು ಚಿಲಿಯಿಂದ ಕ್ಯಾಲಿಫೋರ್ನಿಯಕ್ಕೆ ಒಯ್ದರು. ಅಲ್ಲಿ ಅವು ಪಂಜರಗಳಲ್ಲಿ ಹೆಚ್ಚಿದವು. ತುಪ್ಪುಳಿಗಾಗಿ ಅವನ್ನು ಸಾಕುವ ಉದ್ಯಮವೂ ಬೆಳೆಯಿತು.

ಅದೇ ಕ್ಯಾಲಿಫೋರ್ನಿಯದಲ್ಲಿ 2014ರಲ್ಲಿ ಒಂದು ಒಳ್ಳೆಯ ಕಾರ್ಯ ನಡೆಯಿತು. ಸ್ಯಾಮ್ ಸೈಮನ್ ಎಂಬ ದೂರದರ್ಶನ ಲೇಖಕರು ತಾವು ಕ್ಯಾನ್ಸರ್ ರೋಗದಿಂದ ಬಳಲುತ್ತಿದ್ದರೂ, ಸ್ಯಾನ್ ಡಿಯಾಗೋ ಪ್ರದೇಶದ ಅಂಥದೊಂದು ಸಾಕಣೆಯ ಕೇಂದ್ರವನ್ನು ಹಣಕೊಟ್ಟು ಕೊಂಡು ಮುಚ್ಚಿಸಿದರು. ಅಲ್ಲಿದ್ದ 400ಕ್ಕೂ ಹೆಚ್ಚು ಚಿಂಚಿಲಾಗಳು ಬದುಕಿದವು. ಆದರೆ ಪಂಜರದಲ್ಲೇ ಹುಟ್ಟಿದ ಅವನ್ನು ಬೆಟ್ಟಕ್ಕೆ ಬಿಡುವಂತಿರಲಿಲ್ಲ. ಸಾಕುವ ಮನೆಗಳನ್ನೇ ಹುಡುಕಬೇಕಾಯಿತು.

ಹೀಗೆ ಬದುಕುಳಿದ ಪ್ರಾಣಿಯನ್ನು ಸಾಕುವುದು ಹೇಗೆ? ಅದಕ್ಕೆ ನೀರಿನ ಸ್ನಾನ ಸಲ್ಲದು. ದಟ್ಟವಾದ ತುಪ್ಪುಳು ಬೇಗ ಒಣಗದೆ ರೋಗ ತರುತ್ತದೆ. ಬೋಗುಣಿಯಲ್ಲಿ ನಯವಾದ ವಿಶೇಷ ಧೂಳನ್ನಿಟ್ಟರೆ ಅದರಲ್ಲೇ ಹೊರಳಿ ಶುಚಿಯಾಗುತ್ತದೆ. ಒಣಹುಲ್ಲೇ ಅದರ ಮುಖ್ಯ ಆಹಾರ. ಹಲ್ಲುಗಳು ಜೀವಮಾನವಿಡೀ ಬೆಳೆಯುವುದರಿಂದ ಹುಲ್ಲನ್ನು ಅಗಿದು, ಮರದ ತುಂಡನ್ನು ಕಡಿದು ಅವನ್ನು ಸವೆಸಬೇಕು. ಒಣದ್ರಾಕ್ಷಿಯೆಂದರೆ ಅದಕ್ಕೆ ಬಹಳ ಆಸೆ. ಆದರೆ ಅದರ ಸಿಹಿ ಹೊಟ್ಟೆಗೆ ಕೇಡು. ಕೇಳಿದುದನ್ನೆಲ್ಲ ಕೊಡುವುದು ಪ್ರೀತಿಯಲ್ಲವೆಂಬುದನ್ನು ನಿಮ್ಮ ತಾಯಂದಿರು ಬಲ್ಲರು.

ಸ್ನೇಹವನ್ನು ಗಳಿಸುವುದು ಇದಕ್ಕಿಂತ ಕಠಿಣ. ಮನುಷ್ಯನ ಕೈಯೆಂದರೆ ಭಯವೆಂದೇ ಕಲಿತ ಪ್ರಾಣಿಯನ್ನು ಬೆನ್ನಟ್ಟಿ ಹಿಡಿಯಹೋದರೆ, ಅದು ಹಿಡಿದವರ ಬೆರಳುಗಳಲ್ಲಿ ತುಪ್ಪುಳಿನ ಕುಚ್ಚನ್ನೇ ಬಿಟ್ಟು ಪಾರಾಗುತ್ತದೆ. ಆದುದರಿಂದ ಪ್ರತಿ ಸಂಜೆ ಒಂದೇ ಹೊತ್ತಿಗೆ ಅದರ ಬಳಿ ನೆಲದ ಮೇಲೆ ಸದ್ದಿಲ್ಲದೆ ಕುಳಿತು, ಅಂಗೈ ಚಾಚಿ ಕಾಯಬೇಕು. ಮೊದಲು ಅದು ಮೂಲೆಯಿಂದ ನೋಡೀತು. ಕೆಲವು ದಿನಗಳ ಮೇಲೆ ಮೂಸೀತು. ವಾರಗಳು ಕಳೆದ ಮೇಲೆ ತಾನಾಗಿಯೇ ಮುಂಗಾಲನ್ನು ಅಂಗೈಯ ಮೇಲಿಟ್ಟೀತು. ಕೆಲವು ಚಿಂಚಿಲಾಗಳು ಎತ್ತಿಕೊಳ್ಳುವುದನ್ನು ಎಂದೂ ಒಪ್ಪುವುದಿಲ್ಲ. ಅದನ್ನೂ ಮನ್ನಿಸುವವನೇ ನಿಜವಾದ ಸ್ನೇಹಿತ. ಈ ಹೊಣೆ ಒಂದೆರಡು ವರ್ಷಗಳದಲ್ಲ. ಒಳ್ಳೆಯ ಆರೈಕೆಯಲ್ಲಿ ಅದು ಹದಿನೈದು ವರ್ಷಗಳಿಗೂ ಮೀರಿ ಬದುಕಬಲ್ಲದು.

ಇನ್ನು ಆ ಬಾಲಕಿಯ ಪ್ರಶ್ನೆ. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದರೆ ಚಿಂಚಿಲಾಕ್ಕೆ ಅಪಾಯ ಆರಂಭವಾಗುತ್ತದೆ. ತೇವದ ಹವೆಯೂ ಅದಕ್ಕೆ ಸಲ್ಲದು. ನಮ್ಮ ಮುಂಬಯಿಯ ಸೆಕೆಯನ್ನು ನೀವೇ ಬಲ್ಲಿರಿ. ಊರು ಬಿಟ್ಟು ಬಂದ ನಾವು ಈ ಹವೆಗೆ ಹೊಂದಿಕೊಂಡೆವು. ಆ ಜೀವ ಹೊಂದಿಕೊಳ್ಳಲಾರದು. ಆದಕಾರಣ ನಮ್ಮ ಉತ್ತರ ಬೇಡವೆಂದೇ. ಅವಳ ಮುಖ ಬಾಡಿತು, ನಮಗೂ ವ್ಯಸನವಾಯಿತು. ಮರುವಾರ ಅವಳು, “ಗುರುಗಳೇ, ನಮ್ಮ ಚಾಳಿನ ಮೆಟ್ಟಿಲ ಕೆಳಗೆ ಒಂದು ಕುಂಟು ಬೆಕ್ಕಿದೆ. ದಿನವೂ ದೂರ ಕುಳಿತು ಕಾಯುತ್ತಿದ್ದೇನೆ. ನಿನ್ನೆ ಅದು ಎರಡು ಮೆಟ್ಟಿಲು ಹತ್ತಿರ ಬಂತು,” ಎಂದಳು.

ಅವಳು ಪಾಠವನ್ನು ಸರಿಯಾಗಿಯೇ ಕಲಿತಿದ್ದಳು.